ಕೇಳದೆ ಉಳಿದ ಹಾಡುಗಳು

ಕಳೆದ ಚಳಿಗಾಲದಲ್ಲಿ ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ ವಯೋವೃದ್ಧ ಶರಣರೊಬ್ಬರು ಲಿಂಗೈಕ್ಯರಾದರು. ನಲವತ್ತು ವರ್ಷ ಆ ಊರಿನ ಭಜನಾ ಮೇಳವನ್ನು ನಡೆಸಿಕೊಂಡು ಬಂದವರು ಅವರು. ಯಾರ ಮನೆಯಲ್ಲಿ ಸಾವಾದರೂ ಏಕತಾರಿಯನ್ನು ಹೆಗಲಿಗೇರಿಸಿಕೊಂಡು ಹೋಗಿ, ಬೆಳಗಾಗುವವರೆಗೆ ತತ್ವಪದಗಳನ್ನು ಹಾಡಿ, ನೊಂದವರಿಗೆ ಧೈರ್ಯ ತುಂಬಿ ಬರುತ್ತಿದ್ದರು. ಅವರ ಅಂತಿಮ ದರ್ಶನಕ್ಕೆಂದು ನಾನು ಹೋದಾಗ ರಾತ್ರಿ ಹತ್ತು ಗಂಟೆ. ಮೇಳದಲ್ಲಿ ಅವರೊಡನೆ ಹಾಡುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಮೊದಲೇ ಲಿಂಗೈಕ್ಯರಾಗಿದ್ದರು. ಮೊಮ್ಮಕ್ಕಳು ಭಕ್ತಿಯಿಂದಲೇ ಒಂದು ಸ್ಪೀಕರ್ ತಂದಿರಿಸಿ ಮೊಬೈಲಿನಿಂದ ವಚನಗೀತೆಗಳನ್ನು ಹಾಕಿದ್ದರು. ನಾಲ್ಕೈದು ಹಾಡುಗಳು ಮುಗಿದು, ಅವೇ ನಾಲ್ಕೈದು ಮತ್ತೆ ಆರಂಭವಾಗುತ್ತಿದ್ದವು. ತಾಳವಾದ್ಯದ ಅಬ್ಬರದಲ್ಲಿ ಮಾತುಗಳು ಕೇಳುತ್ತಿರಲಿಲ್ಲ.

ಗೋಡೆಗೊರಗಿ ಕುಳಿತಿದ್ದ ಅವರ ಪತ್ನಿ ನನ್ನನ್ನು ಕಂಡು ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ: "ಗುರುಗಳ, ನಲವತ್ತು ವರ್ಷ ಊರಾಗಿನ ಎಲ್ಲಾರ ಮನ್ಯಾಗ ಹಾಡಿದ್ರು. ಇವತ್ತ ಅವರ ಮುಂದ ಕುಂತು ಹಾಡಾಕ ಒಬ್ಬರೂ ಇಲ್ಲದಂಗ ಆತಲ್ರಿ."

ಆ ತಾಯಿಗೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಈ ತಿಂಗಳ ಅಂಕಣವನ್ನು ಆ ಮಾತಿಗೆ ಮುಡಿಪಾಗಿಡುತ್ತಿದ್ದೇನೆ.

ಡಾ. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕುತ್ತ ಊರೂರು ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದದ್ದು ನಮ್ಮ ಸಮಾಜದ ಪ್ರತಿ ಕುಟುಂಬಕ್ಕೂ ಗೊತ್ತಿರಬೇಕಾದ ಸಂಗತಿ. ಆ ಮಹನೀಯರು ಮತ್ತು ಅವರ ದಾರಿಯಲ್ಲಿ ನಡೆದ ವಿದ್ವಾಂಸರು ಪಟ್ಟ ಶ್ರಮದಿಂದಾಗಿ ಶರಣರ ನುಡಿ ಉಳಿಯಿತು. ಆದರೆ ನುಡಿಯೊಡನೆ ಬಾಳಿ ಬಂದ ಇನ್ನೊಂದು ಸಂಪತ್ತು ನಮ್ಮಲ್ಲಿದೆ; ಅದುವೇ ಮಟ್ಟು. ಯಾವ ಪದವನ್ನು ಯಾವ ಧಾಟಿಯಲ್ಲಿ ಹಾಡಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಎರಡು ಸಲ ಹೇಳಬೇಕು ಎಂಬ ತಿಳಿವಳಿಕೆ ಅದು. ಅದಕ್ಕೆ ತಾಳೆಗರಿ ಇಲ್ಲ. ಬಲ್ಲವರ ಕಂಠವೇ ಅದರ ಗ್ರಂಥ. ಕಂಠ ನಿಂತ ದಿನ ಗ್ರಂಥವೂ ಮಣ್ಣಾಗುತ್ತದೆ.

ಇತರರನ್ನು ದೂರುವ ಮುನ್ನ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಾಲ್ಯದಲ್ಲಿ ನಾನು ಓದಿದ ಮಠದ ಪ್ರಸಾದ ನಿಲಯದಲ್ಲಿ ಅಡುಗೆಯ ಅಜ್ಜನೊಬ್ಬನಿದ್ದ. ಅವನಿಗೆ ಅಕ್ಷರ ಬಾರದು. ಆದರೆ ನಸುಕಿನಲ್ಲಿ ಒಲೆ ಹೊತ್ತಿಸುವಾಗ ನಿಜಗುಣ ಶಿವಯೋಗಿಗಳ ಪದಗಳನ್ನು ಒಂದಾದ ಮೇಲೊಂದರಂತೆ ಹಾಡುತ್ತಿದ್ದ. ನಾವು ವಿದ್ಯಾರ್ಥಿಗಳು 'ಕೈವಲ್ಯ ಪದ್ಧತಿ'ಯ ಪಾಠವನ್ನು ಪುಸ್ತಕದಿಂದ ಕಲಿತೆವು. ಅಜ್ಜನ ಹಾಡನ್ನು ನಿದ್ದೆಗಣ್ಣಿನಲ್ಲಿ ಕೇಳಿ ಬಿಟ್ಟೆವು. ಇಂದು ಆ ಪದಗಳ ಅರ್ಥವನ್ನು ನಾನು ಗಂಟೆಗಟ್ಟಲೆ ಹೇಳಬಲ್ಲೆ. ಅಜ್ಜ ಹಾಡುತ್ತಿದ್ದ ಮಟ್ಟಿನಲ್ಲಿ ಒಂದು ಪದವನ್ನೂ ಕೊನೆಯವರೆಗೆ ಹಾಡಲಾರೆ.

ಇಂದು ಮನೆಮನೆಗಳಲ್ಲಿ ವಚನಗೀತೆ ಕೇಳುತ್ತಿರುವುದು ಸಂತೋಷದ ವಿಷಯವೇ ಸರಿ. ಕೊರತೆ ಇರುವುದು ನಾವು ಕೇಳುವ ವ್ಯಾಪ್ತಿಯಲ್ಲಿ. ಗೃಹಪ್ರವೇಶಕ್ಕೂ, ಬಸವ ಜಯಂತಿಗೂ, ಶಿವಗಣಾರಾಧನೆಗೂ ಅವೇ ಹತ್ತು ಹಾಡುಗಳು. ಶ್ರಾವಣ ಮಾಸದಲ್ಲಿ ಪುರಾಣ ಪ್ರವಚನ ಕೇಳುವ ಮನೆಗಳು ವಾರಕ್ಕೊಂದರಂತೆ ಹೊಸ ಗಾಯನವನ್ನು ಕೇಳಲೆಂಬ ಆಶಯದಿಂದ ಬೇರೆಬೇರೆ ಸಂಗೀತ ಪ್ರಕಾರಗಳಿಂದ ಕೆಲವನ್ನು ಆರಿಸಿ ಇಲ್ಲಿ ಸೂಚಿಸುತ್ತೇನೆ. ನನ್ನ ಒರೆಗಲ್ಲು ಸರಳವಾದದ್ದು: ಹಾಡು ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದೇನು? ವಾದ್ಯದ ಸದ್ದೋ, ಹಾಡಿನ ಅನುಭಾವವೋ?

ಮೊದಲನೆಯದು, ಪಂಡಿತ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ. ಅಕ್ಕಮಹಾದೇವಿ ತಾನು ಕಂಡ ಕನಸನ್ನು ಹೇಳಿಕೊಳ್ಳುವ ವಚನವನ್ನು ಅವರ ಕಂಠದಲ್ಲಿ ಕೇಳಿದವರು ಬಹಳ. ಆದರೆ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಅವರು ಹಾಡಿದ ಇತರ ವಚನಗಳನ್ನೂ ಹುಡುಕಿ ಕೇಳಬೇಕು. ವಚನವು ಗದ್ಯಲಯದ ರಚನೆ. ಅದರ ಸಾಲುಗಳು ಸಮನಾಗಿರುವುದಿಲ್ಲ. ತಾಳದ ಲೆಕ್ಕ ತನಗೆ ತಿಳಿಯದು, ಪ್ರೀತಿ ನಡೆಸಿದ ಹಾಗೆ ಹಾಡುತ್ತೇನೆ ಎಂಬ ಭಾವವನ್ನು ಬಸವಣ್ಣನವರೇ ಒಂದು ವಚನದಲ್ಲಿ ತೋಡಿಕೊಂಡಿದ್ದಾರೆ. ಅಂತಹ ನುಡಿಯನ್ನು ಚಿತ್ರಗೀತೆಯ ಅಳತೆಗೆ ಕತ್ತರಿಸಿದಾಗ ಅರ್ಥ ಸೊರಗುತ್ತದೆ. ಮನ್ಸೂರರು ಮಾತಿನ ಉಸಿರನ್ನು ಅನುಸರಿಸಿ ರಾಗವನ್ನು ನಡೆಸುತ್ತಾರೆ. ಅಂಕಿತದ ಬಳಿ ಬಂದಾಗ ಕಂಠ ತಾನಾಗಿಯೇ ಬಾಗುತ್ತದೆ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗಿದ್ದ ಭಕ್ತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಇದರ ಜೊತೆಗೆ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನೂ ಕೇಳಿರಿ. ಹಳೆಯ ತಲೆಮಾರಿನವರು ಬಾನುಲಿಯ ಮುಂದೆ ಕುಳಿತು ಕೇಳುತ್ತಿದ್ದ ಆ ಹೆಸರನ್ನು ಇಂದಿನ ಮಕ್ಕಳು ಕೇಳಿಯೇ ಇಲ್ಲವೆಂಬುದು ನೋವಿನ ಸಂಗತಿ.

ಎರಡನೆಯದು, ಅದೇ ಮನ್ಸೂರರು ಹಾಡಿದ ಶಿವಮತ ಭೈರವ ರಾಗ. "ಶಾಸ್ತ್ರೀಯ ಸಂಗೀತ ನಮಗೆ ತಿಳಿಯದು" ಎಂದು ಹಿಂಜರಿಯುವ ಮನೆಗಳಿಗೆ ನಾನು ಇದನ್ನೇ ಸೂಚಿಸುತ್ತೇನೆ. 1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ಜನಿಸಿದ ಅವರು ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ, ಅನಂತರ ಅಲ್ಲಾದಿಯಾ ಖಾನರ ಪುತ್ರರಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಜೈಪುರ ಅತ್ರೌಲಿ ಪದ್ಧತಿಯನ್ನೂ ಕಲಿತರು. ಲಿಂಗಾಯತ ಮನೆತನದ ಹುಡುಗನೊಬ್ಬ ಮುಸಲ್ಮಾನ ಗುರುಗಳ ಪಾದದಡಿ ಕುಳಿತು ಪಡೆದ ವಿದ್ಯೆ ಇದು. ಇತರರು ಅಪರೂಪಕ್ಕೆ ಮುಟ್ಟುವ ರಾಗಗಳು ಅವರಿಗೆ ನಿತ್ಯದ ಒಡನಾಡಿಗಳಾಗಿದ್ದವು. ಶಿವಮತ ಭೈರವದಲ್ಲಿ ಭೈರವದ ಸ್ವರಗಳ ಜೊತೆ ಕೋಮಲ ಗಾಂಧಾರ ಮತ್ತು ಕೋಮಲ ನಿಷಾದಗಳೂ ಸೇರುತ್ತವೆ. ಈ ಲಕ್ಷಣ ತಿಳಿಯದಿದ್ದರೂ ಬಾಧಕವಿಲ್ಲ. ಬೆಳಗಿನ ಪೂಜೆ ಮುಗಿಸಿ, ಇಷ್ಟಲಿಂಗವನ್ನು ಮತ್ತೆ ಕರಡಿಗೆಯಲ್ಲಿರಿಸಿದ ಮೇಲೆ, ಮಾತಿಲ್ಲದೆ ಅರ್ಧ ಗಂಟೆ ಕುಳಿತು ಕೇಳಿರಿ. ಮೊದಲ ದಿನ ಬೇಸರವಾದೀತು. ನಾಲ್ಕನೆಯ ದಿನ ಆ ಸ್ವರಗಳ ದಾರಿ ತಾನಾಗಿ ತೆರೆಯುತ್ತದೆ.

ಮೂರನೆಯದು, ಪಂಡಿತ ಬಸವರಾಜ ರಾಜಗುರುಗಳು ಹಾಡಿದ ಮರಾಠಿ ನಾಟ್ಯಗೀತೆಗಳು. ನಮ್ಮ ಪತ್ರಿಕೆಯಲ್ಲಿ ಮರಾಠಿ ನಾಟಕದ ಹಾಡೇಕೆಂದು ಕೇಳುವವರಿಗೆ ಒಂದು ವಿವರಣೆ. 1880ರಲ್ಲಿ 'ಸಂಗೀತ ಶಾಕುಂತಲ'ದ ಮೂಲಕ ಮರಾಠಿ ಸಂಗೀತ ರಂಗಭೂಮಿಗೆ ನೆಲೆಯೊದಗಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಕನ್ನಡ, ಮರಾಠಿ ರಂಗಭೂಮಿಗಳು ಒಂದರಿಂದ ಒಂದು ಪಡೆದು ಬೆಳೆದವು. ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ರಾಜಗುರುಗಳು ಖಯಾಲನ್ನೂ, ವಚನವನ್ನೂ, ನಾಟ್ಯಗೀತೆಯನ್ನೂ ಸಮಾನ ಶ್ರದ್ಧೆಯಿಂದ ಹಾಡಿದವರು. ಅವರು 1991ರಲ್ಲಿ ಲಿಂಗೈಕ್ಯರಾದರು. ಐದು ನಿಮಿಷದ ನಾಟ್ಯಗೀತೆಯಲ್ಲಿ ಒಂದು ರಾಗದ ಸಾರವನ್ನು ಹಿಡಿದು ಕೊಡುವ ಅವರ ಕಲೆ ಮನೆಯ ಮಕ್ಕಳಿಗೆ ರಾಗದ ಪರಿಚಯ ಮಾಡಿಸಲು ಬಹು ಸುಲಭ ಮಾರ್ಗ.

ನಾಲ್ಕನೆಯದು, ಕುಮಾರ ಗಂಧರ್ವರು ಹಾಡಿದ ಕಬೀರರ ನಿರ್ಗುಣ ಪದಗಳು. ಉತ್ತರ ಭಾರತದಲ್ಲಿ ಮನೆಮಾತಾದ ಈ ಗಾಯನ ನಮ್ಮ ಮನೆಗಳಿಗೆ ಬಂದದ್ದು ಕಡಮೆ. ಆದರೆ ಕುಮಾರ ಗಂಧರ್ವರು ನಮ್ಮವರೇ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಅವರ ನಿಜನಾಮಧೇಯ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಯೌವನದಲ್ಲಿಯೇ ಕ್ಷಯರೋಗಕ್ಕೆ ತುತ್ತಾಗಿ, ಮಧ್ಯಪ್ರದೇಶದ ದೇವಾಸದಲ್ಲಿ ಹಲವು ವರ್ಷ ಹಾಡುವಂತಿಲ್ಲದೆ ಹಾಸಿಗೆ ಹಿಡಿದರು. ಹಾಡುವವನಿಗೆ ಕೇಳುವುದೊಂದೇ ಉಳಿದ ಆ ಕಾಲದಲ್ಲಿ ಮಾಳವದ ಹಳ್ಳಿಗರ ಹಾಡುಗಳು ಅವರ ಕಿವಿಗೆ ಬಿದ್ದವು. ನಾಥಪಂಥದ ಜೋಗಿಗಳು ಹಾಡುವ ನಿರ್ಗುಣ ಪದಗಳ ಧಾಟಿ ಅವರ ಮನಸ್ಸಿನಲ್ಲಿ ನೆಲೆಸಿತು. ಗುಣಮುಖರಾಗಿ ಮತ್ತೆ ವೇದಿಕೆಗೆ ಬಂದಾಗ ಅವರ ಶ್ವಾಸದ ಬಲ ಕುಗ್ಗಿತ್ತು. ಅವರು ಆ ಕುಂದನ್ನೇ ಹಾಡುಗಾರಿಕೆಯ ಗುಣವನ್ನಾಗಿ ಮಾಡಿಕೊಂಡರು. ಒಂದೊಂದು ನುಡಿಯನ್ನೂ ಬಾಣದಂತೆ ಬಿಟ್ಟು, ನಡುವೆ ಮೌನಕ್ಕೆ ಎಡೆಯಿಟ್ಟರು. ದೇಹವನ್ನು ಬಿಟ್ಟು ಹಂಸವೊಂದು ಒಂಟಿಯಾಗಿ ಹಾರಿಹೋಗುವ ಪದವನ್ನು ಅವರ ಕಂಠದಲ್ಲಿ ಕೇಳಿರಿ. ಅಲ್ಲಮಪ್ರಭುಗಳ ವಚನಗಳನ್ನು ಓದಿದವರಿಗೆ ಅದರ ಹಿಂದಿ ಅಡ್ಡಿಯಾಗದು. ಮನ್ಸೂರರು, ಕುಮಾರ ಗಂಧರ್ವರು ಇಬ್ಬರೂ 1992ರಲ್ಲಿಯೇ ನಮ್ಮನ್ನು ಅಗಲಿದರು.

ಐದನೆಯದು, ಒಂದು ಚಿತ್ರಗೀತೆ. ಮಠದ ಹಿನ್ನೆಲೆಯವರು ಚಿತ್ರಗೀತೆಯನ್ನು ಶಿಫಾರಸು ಮಾಡುವುದೇ ಎಂದು ಹುಬ್ಬೇರಿಸಬೇಡಿ. 1995ರಲ್ಲಿ ತೆರೆಕಂಡ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಅದರಲ್ಲಿನ ಮಳೆಮೋಡಗಳ ಗರ್ಜನೆಯನ್ನು ವರ್ಣಿಸುವ ಹಿಂದಿ ಗೀತೆಗಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ಬಾಲಸುಬ್ರಹ್ಮಣ್ಯಂ ಅವರ ನೂರಾರು ಕನ್ನಡ ಹಾಡುಗಳನ್ನು ಬಾಯಿಪಾಠ ಹೇಳುವವರೂ ಈ ಗೀತೆಯನ್ನು ಮರೆತಿದ್ದಾರೆ. ಶಾಸ್ತ್ರೀಯ ಸಂಗೀತದ ಕ್ರಮಬದ್ಧ ಶಿಕ್ಷಣವಿಲ್ಲದ ಗಾಯಕರೊಬ್ಬರು ವಿನಯದಿಂದ, ಶ್ರಮದಿಂದ ಎಷ್ಟು ಎತ್ತರಕ್ಕೇರಬಹುದೆಂಬುದಕ್ಕೆ ಇದು ಸಾಕ್ಷಿ. ಇದನ್ನು ಕೇಳುವಾಗ ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳ ಬಾಳನ್ನು ಮಕ್ಕಳಿಗೆ ಹೇಳಿರಿ. ಹಾನಗಲ್ಲ ಕುಮಾರ ಶಿವಯೋಗಿಗಳು ಆ ಬಾಲಕನಲ್ಲಿದ್ದ ನಾದವನ್ನು ಗುರುತಿಸಿ ಆಶ್ರಯ ಕೊಟ್ಟರು. ಆ ಒಂದು ಆಶ್ರಯದಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆಯಿತು. ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಅದು ಅಂಧರಿಗೂ ಅನಾಥರಿಗೂ ತೌರಾಯಿತು.

ಆರನೆಯದು, ಮಂಟೇಸ್ವಾಮಿ ಕಾವ್ಯದಲ್ಲಿನ ಕಲ್ಯಾಣದ ಪ್ರಸಂಗ. ಮೈಸೂರು, ಮಂಡ್ಯ, ಚಾಮರಾಜನಗರಗಳ ಕಡೆ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಜನಪದ ಮಹಾಕಾವ್ಯವಿದು. ಉತ್ತರದ ನಮ್ಮ ಮನೆಗಳಿಗೆ ಇದರ ಹೆಸರು ಕೂಡ ಅಪರಿಚಿತ. ಇದರಲ್ಲಿ ಮಂಟೇಸ್ವಾಮಿ ಹೇಸಿಗೆ ಹುಟ್ಟಿಸುವ ರೂಪವನ್ನು ತಾಳಿ ಕಲ್ಯಾಣಕ್ಕೆ ಬರುತ್ತಾನೆ. ವೇಷವನ್ನಷ್ಟೇ ನೋಡಿದವರು ಅವನನ್ನು ತಡೆಯುತ್ತಾರೆ. ಬಸವಣ್ಣನವರಿಗೂ ಅದು ಪರೀಕ್ಷೆಯಾಗುತ್ತದೆ. ಶರಣರನ್ನು ಪ್ರಶ್ನಿಸುವ ಈ ಕಥೆ ನಮ್ಮಲ್ಲಿ ಕೆಲವರಿಗೆ ಮೊದಲು ಕಹಿಯೆನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಪೂರ್ತಿ ಕೇಳಿದ ಮೇಲೆ ತಿಳಿಯಿತು: ಬಾಗಿಲಿಗೆ ಬಂದ ಜಂಗಮನನ್ನು ಬಟ್ಟೆ ನೋಡಿ ಅಳೆಯಬೇಡವೆಂಬ ಬಸವತತ್ವವನ್ನೇ, ನಮ್ಮ ಸಾಲಿನಲ್ಲಿ ಕುಳ್ಳಿರಿಸಿಕೊಳ್ಳಲು ನಾವು ಮರೆತ ಜನ, ನಮಗೆ ನೆನಪಿಸುತ್ತಿದ್ದಾರೆ. ಮೂಲ ನೀಲಗಾರರು ಹಾಡಿದ ಧ್ವನಿಮುದ್ರಿಕೆ ಸಿಕ್ಕರೆ ಅದನ್ನೇ ಕೇಳಿರಿ. ಹೊಸ ವಾದ್ಯಗಳನ್ನು ತುಂಬಿ ಚುಟುಕಾಗಿಸಿದ ಹಾಡಿನಲ್ಲಿ ಕಥೆಯ ನಡಿಗೆ ಇರುವುದಿಲ್ಲ.

ಏಳನೆಯದಕ್ಕೆ ಧ್ವನಿಸುರುಳಿಯ ಹೆಸರನ್ನು ನಾನು ಕೊಡಲಾರೆ. ಅದು ಕೈವಲ್ಯದ ಪದಗಳು ಮತ್ತು ತತ್ವಪದಗಳು. ವಚನಗಳನ್ನು ಹಾಡಬಹುದೋ ಬಾರದೋ ಎಂಬ ಚರ್ಚೆ ಉಂಟು. ಇವುಗಳ ಬಗ್ಗೆ ಆ ಸಂದೇಹವೇ ಇಲ್ಲ. ಪಲ್ಲವಿ, ನುಡಿ, ರಾಗ, ತಾಳಗಳೊಡನೆ ಹಾಡಿಗೆಂದೇ ಹುಟ್ಟಿದ ರಚನೆಗಳಿವು. ನಿಜಗುಣರ 'ಕೈವಲ್ಯ ಪದ್ಧತಿ', ಮುಪ್ಪಿನ ಷಡಕ್ಷರಿಗಳ 'ಸುಬೋಧಸಾರ', ಸರ್ಪಭೂಷಣ ಶಿವಯೋಗಿಗಳ 'ಕೈವಲ್ಯ ಕಲ್ಪವಲ್ಲರಿ', ಬಾಲಲೀಲಾ ಮಹಾಂತ ಶಿವಯೋಗಿಗಳ 'ಕೈವಲ್ಯ ದರ್ಪಣ', ಇವೆಲ್ಲ ಅಚ್ಚಾಗಿ ಮಠಗಳ ಗ್ರಂಥಭಂಡಾರದಲ್ಲಿವೆ. ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಪದಗಳೂ, ಅವರ ಶಿಷ್ಯ ಚನ್ನೂರು ಜಲಾಲಸಾಹೇಬರ ಪದಗಳೂ ಅಚ್ಚಾಗಿವೆ. ಆದರೆ ಮಟ್ಟುಗಳು ಅಚ್ಚಾಗಿಲ್ಲ. ಶಿಶುನಾಳ ಶರೀಫರ ಪುಣ್ಯ ದೊಡ್ಡದು, ಸಿ. ಅಶ್ವತ್ಥ್ ಅವರಂತಹ ಗಾಯಕರು ದೊರೆತು ಅವರ ಪದಗಳು ನಾಡಿನ ನಾಲಗೆಯ ಮೇಲೆ ಕುಣಿದವು. ಉಳಿದವರ ಪದಗಳು ಇಂದಿಗೂ ಹಳ್ಳಿಯ ಭಜನಾ ಮೇಳಗಳನ್ನೇ ನಂಬಿಕೊಂಡಿವೆ.

ಆದ್ದರಿಂದ ಓದುಗ ಬಂಧುಗಳಲ್ಲಿ ನನ್ನ ವಿನಂತಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಬೀಗರ ಊರಿನಲ್ಲಿ ಪದ ಹಾಡಬಲ್ಲ ಹಿರಿಯರಿದ್ದರೆ ಈ ಶ್ರಾವಣದಲ್ಲಿ ಅವರ ಬಳಿ ಹೋಗಿ ಕುಳಿತುಕೊಳ್ಳಿರಿ. ಇಂದು ಪ್ರತಿಯೊಬ್ಬರ ಕೈಯಲ್ಲೂ ಇರುವ ಮೊಬೈಲು ಒಂದು ಧ್ವನಿಮುದ್ರಣ ಯಂತ್ರವೇ ಆಗಿದೆ. ಫ್ಯಾನು, ಟಿ.ವಿ. ಆರಿಸಿ, ಫೋನನ್ನು ಹಾಡುವವರಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲಿಡಿರಿ. ಹಾಡುವ ಮೊದಲು ಅವರ ಬಾಯಿಂದಲೇ ನಾಲ್ಕು ಮಾತು ಹೇಳಿಸಿರಿ: ತಮ್ಮ ಹೆಸರು, ಊರು, ಪದ ಯಾರದು, ಈ ಮಟ್ಟನ್ನು ಯಾರಿಂದ ಕಲಿತರು. ತಪ್ಪಿದರೆ ತಿದ್ದಬೇಡಿ, ಮರೆತರೆ ಅವಸರಪಡಿಸಬೇಡಿ. ದಿನಾಂಕ ಬರೆದಿಡಿರಿ. ಒಂದೇ ಫೋನಿನಲ್ಲಿ ಉಳಿದರೆ ಆ ಫೋನಿನೊಡನೆ ಅದೂ ಹೋಗುತ್ತದೆ. ಮನೆಯ ಇನ್ನಿಬ್ಬರಿಗೆ ಕಳಿಸಿರಿ, ಒಂದು ಪ್ರತಿಯನ್ನು ಸಮೀಪದ ಮಠಕ್ಕೋ, ಶಾಲೆಗೋ ಕೊಡಿರಿ. ಹಾಡಿದವರ ಒಪ್ಪಿಗೆಯಿಲ್ಲದೆ ಎಲ್ಲೆಡೆ ಹಂಚಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪದವನ್ನಾದರೂ ನೀವೇ ಕಲಿಯಿರಿ. ಯಂತ್ರದಲ್ಲಿ ಉಳಿದದ್ದು ನೆನಪು. ಕಂಠದಲ್ಲಿ ಉಳಿದದ್ದು ಪರಂಪರೆ.

ಆ ಹಳ್ಳಿಯ ಮಾತನ್ನು ಮುಗಿಸಿ ವಿರಮಿಸುತ್ತೇನೆ. ಶಿವಗಣಾರಾಧನೆಯ ದಿನ ನಾನು ಮತ್ತೆ ಅಲ್ಲಿಗೆ ಹೋಗಿದ್ದೆ. ಪ್ರಸಾದ ಮುಗಿದು ಬಂದವರೆಲ್ಲ ಹೊರಟ ಮೇಲೆ, ಕಾಲೇಜಿಗೆ ಹೋಗುವ ಮೊಮ್ಮಗಳು ಅಜ್ಜಿಯ ಬಳಿ ಕುಳಿತು ಕೇಳಿದಳು: "ಅಜ್ಜಿ, ಅಜ್ಜ ಕಡೀಕ ಯಾವ ಪದಾ ಹಾಡ್ತಿದ್ದ?" ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ಆರಂಭಿಸಿದರು. ಪಲ್ಲವಿ ಮುಗಿಯಿತು, ಮೊದಲ ನುಡಿ ಮುಗಿಯಿತು, ನಾಲ್ಕು ನುಡಿಗಳೂ ಒಂದಕ್ಷರ ತಪ್ಪದೆ, ಅವರ ಯಜಮಾನರ ಮಟ್ಟಿನಲ್ಲೇ ಮುಗಿದವು. ನಲವತ್ತು ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರು ಕೇಳಿದ್ದರು. ಮೇಳದವರು ಅವರನ್ನು ಹಾಡಲು ಕರೆದಿರಲಿಲ್ಲ. ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹುಡುಗಿ ಫೋನನ್ನು ಹೊರತೆಗೆದು, "ಇನ್ನೊಮ್ಮೆ ಹಾಡ, ಅಜ್ಜಿ" ಎಂದಳು. ಎರಡನೆಯ ಸಲ ಅಜ್ಜಿಯ ದನಿಯೊಡನೆ ಮೊಮ್ಮಗಳ ದನಿಯೂ ಸೇರಿತ್ತು.

ಶರಣು ಶರಣಾರ್ಥಿ.